ಕೆಂಪು ಹಗ್ಗ, ಅರ್ಧ ಹೊಲಿಗೆ

“ಕಾಲು ಮಡಚ್ಕೋ. ಹೊರಗೆ ಕಾಣ್ತಿದೆ.”

ರೋದೆ ಹಾಗೆಂದದ್ದು ತನ್ನ ಮೇಜಿನ ಕೆಳಗೆ ನುಗ್ಗಿ ಕುಳಿತಿದ್ದ ಅಪರಿಚಿತನಿಗೆ. ಅವಳು ಅಥೆನ್ಸ್ ಪೇಟೆಯಲ್ಲಿ ರಿಬ್ಬನ್ ಮಾರುವವಳು. ಎದುರಿಗೆ ಕಾವಲಿನವರು ಕೆಂಪು ಬಣ್ಣದಲ್ಲಿ ಅದ್ದಿದ ಉದ್ದನೆಯ ಹಗ್ಗವನ್ನು ಎರಡೂ ತುದಿ ಹಿಡಿದು ಎಳೆದು ತರುತ್ತಿದ್ದರು.

ಊರಿಗೆ ಊರೇ ದೊರೆ ಎಂದು ಬೀಗುವ ಊರದು. ಆದರೆ ಆ ದೊರೆಗಳನ್ನು ಗುಡ್ಡದ ಮೇಲಿನ ಸಭೆಗೆ ದನ ಅಟ್ಟಿದ ಹಾಗೆ ಅಟ್ಟಬೇಕು! ಹಗ್ಗ ತಾಗಿ ಬಟ್ಟೆ ಕೆಂಪಾದವನು ತಡವಾಗಿ ಬಂದವನು. ಅವನಿಗೆ ದಂಡ, ಅವತ್ತು ಮತಕ್ಕೆಂದು ಎತ್ತಿದ ಅವನ ಕೈ ಲೆಕ್ಕಕ್ಕಿಲ್ಲ. ಆ ಬಣ್ಣ ಎಷ್ಟು ಒಗೆದರೂ ಹೋಗುವುದಿಲ್ಲ.

ಹಗ್ಗ ದಾಟಿದ ಮೇಲೆ ಅವನು ಹೊರಬಂದು ಮೈ ಕೊಡವಿಕೊಂಡ. ಹೆಸರು ಎರಾತೋನ್, ಚಪ್ಪಲಿ ಹೊಲಿಯುವವನು.

“ನೋಡು, ಒಂದು ಚುಕ್ಕೆ ಇಲ್ಲ. ಈ ಜನ್ಮದಲ್ಲಿ ಆ ಹಗ್ಗ ನನ್ನ ಮುಟ್ಟಲ್ಲ.”

“ಸಭೆಗೆ ಹೋಗೋಕೆ ನಿಂಗೇನು ರೋಗ? ಅಲ್ಲಿ ಕೈ ಎತ್ತೋ ಭಾಗ್ಯ ಹೆಂಗಸರಿಗಿಲ್ಲ, ಪರದೇಶಿಗಳಿಗಿಲ್ಲ. ನಾನು ಎರಡೂ.”

ಅವನು ನಕ್ಕ. ಆ ನಗುವೇ ಅವಳನ್ನು ಕೆಡಿಸಿತು.

ಮರುದಿನ ಅಂಜೂರ ತಂದ. ಆಮೇಲೆ ದಿನವೂ ಬಂದ. ಅವಳು ತನ್ನ ಕೆರಿಂಥ ದ್ವೀಪದ ಬಗ್ಗೆ, ಅಲ್ಲೇ ಉಳಿದ, ಕಡಲಿಗೆ ಮುಳುಗಿ ಸ್ಪಂಜು ತೆಗೆಯುವ ಅಪ್ಪನ ಬಗ್ಗೆ ಹೇಳಿದಳು.

ಆ ಬೇಸಿಗೆಯಲ್ಲೇ ಕೆರಿಂಥ ಅಥೆನ್ಸಿಗೆ ಕಪ್ಪ ಕೊಡುವುದಿಲ್ಲ ಎಂದಿತು. ಅಥೆನ್ಸ್ ಹಡಗುಗಳು ಹೊರಟವು. ದ್ವೀಪದ ಮಾತು ಸಭೆಗೆ ಬಂದ ದಿನ, ಉಳಿಸಿ ಎನ್ನುವ ಕಡೆ ತನ್ನ ಕೈ ಇರುತ್ತದೆ ಎಂದು ಎರಾತೋನ್ ಅವಳಿಗೆ ಮಾತು ಕೊಟ್ಟ. ಸೋಮಾರಿ ಎರಾತೋನ್ ಅಂದಿನಿಂದ ಎಲ್ಲರಿಗಿಂತ ಮೊದಲು ಗುಡ್ಡ ಹತ್ತತೊಡಗಿದ.

ಚಳಿ ಕಾಲಿಡುತ್ತಿದ್ದ ಒಂದು ಬೆಳಿಗ್ಗೆ ಮಾತ್ರ ತಡವಾಯಿತು. ಅವತ್ತು ಬರೀ ಗೋಧಿಯ ಬೆಲೆಯ ಚರ್ಚೆ ಎಂದು ಸುದ್ದಿ. ಅವನ ಮೇಲುಹೊದಿಕೆಯ ಅಂಚು ಹರಿದಿತ್ತು. ಅವಳು ಸೂಜಿ ತೆಗೆದಳು.

“ತಡ ಆಗತ್ತೆ ರೋದೆ.”

“ಗೋಧಿ ಎಲ್ಲೂ ಓಡಿಹೋಗಲ್ಲ. ಇನ್ನೊಂದೇ ಒಂದು ಹೊಲಿಗೆ...”

ಅವಳಿಗೆ ಹೊಲಿಗೆಗಿಂತ ಅವನು ಪಕ್ಕದಲ್ಲಿ ಕೂತಿರುವುದು ಬೇಕಿತ್ತು. ಮೂಲೆಯಲ್ಲಿ ಹಗ್ಗ ಕಾಣಿಸಿದಾಗ ಅವನು ಸೂಜಿ ನೇತಾಡುತ್ತಿದ್ದಂತೆಯೇ ಓಡಿದ.

ಅಷ್ಟರಲ್ಲಿ ಬಂದರಿಗೆ ಹಡಗು ಬಂದಿತ್ತು. ಕೆರಿಂಥ ಸೋತಿತ್ತು. ಗೋಧಿಯನ್ನು ಬದಿಗಿಟ್ಟು ಸಭೆ ತೀರ್ಮಾನ ಮಾಡಿತು: ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರನ್ನು ಮಾರಬೇಕು. ಮೊದಲ ಸಲ ಎರಡೂ ಕಡೆ ಸಮವಾಗಿತ್ತಂತೆ, ಮತ್ತೆ ಕೈ ಎತ್ತಿಸಿದರಂತೆ, ಕೊನೆಗೆ ಒಂದೇ ಕೈ ಹೆಚ್ಚಾಯಿತಂತೆ ಎಂದು ಪಕ್ಕದ ಉಣ್ಣೆಯವಳು ಬೆಳ್ಳುಳ್ಳಿ ಸುಲಿಯುತ್ತ ಹೇಳಿದಳು.

ಸಂಜೆ ಎರಾತೋನ್ ಬಂದ. ಅಂಥ ಚಳಿಯಲ್ಲೂ ಮೈಮೇಲೆ ಹೊದಿಕೆ ಇರಲಿಲ್ಲ.

“ನೀನು ಕೈ ಎತ್ತಿದ್ಯಾ?”

ಅವನು ಅವಳ ಮುಖ ನೋಡಲಿಲ್ಲ. ಸೂಜಿ ಹಿಡಿದಿದ್ದ ಆ ಬೆರಳುಗಳನ್ನೇ ನೋಡಿದ.

“ಎತ್ತಿದೆ. ಕೊಲ್ಲಿ ಅಂತ ಎತ್ತಿದೆ.”

ಅವಳು ಅವನ ಮುಖಕ್ಕೆ ಉಗಿದಳು. ನಿನ್ನನ್ನು ಸಮುದ್ರ ನುಂಗಲಿ ಎಂದಳು. ಅದೇ ವಾರ ಅವನು ಯುದ್ಧದ ಹಡಗಿಗೆ ಹುಟ್ಟು ಹಾಕಲು ಹೋದ.

ಚಳಿಗಾಲದಲ್ಲಿ ಆ ಹಡಗು ಮುಳುಗಿತು. ಕೇಳಿದಾಗ ರೋದೆಗೆ ಸಂತೋಷವಾಯಿತು. ಆಮೇಲೆ ಇಡೀ ದಿನ ಅನ್ನ ಸೇರಲಿಲ್ಲ.

ಹೆಣ ಸಿಗದವರಿಗಾಗಿ ಊರು ಒಂದು ಖಾಲಿ ಚಟ್ಟ ಹೊರುತ್ತದೆ. ಅದಕ್ಕೆ ಕಟ್ಟಲು ಮಗನ ಬಟ್ಟೆಯಿಂದಲೇ ಒಂದು ರಿಬ್ಬನ್ ಕತ್ತರಿಸಿಕೊಡು ಎಂದು ಎರಾತೋನನ ತಾಯಿ ಬಂದಳು. ಇವರಿಬ್ಬರ ಕಥೆ ಆ ಮುದುಕಿಗೆ ಗೊತ್ತಿರಲಿಲ್ಲ.

ಮುದುಕಿ ತಂದ ಹೊದಿಕೆಯನ್ನು ರೋದೆ ಹಲ್ಲು ಕಚ್ಚಿ ಬಿಡಿಸಿದಳು.

ಬೆನ್ನಿಗೆ ಅಡ್ಡಲಾಗಿ ಕೆಂಪು ಗೆರೆ. ಅಂಚಿನಲ್ಲಿ ಅರ್ಧ ಹೊಲಿಗೆ, ಅದರ ತುದಿಗೆ ಅವಳದೇ ಸೂಜಿ, ತುಕ್ಕು ಹಿಡಿದು ನೇತಾಡುತ್ತಿತ್ತು.

ಅವತ್ತು ಹಗ್ಗ ಅವನನ್ನು ಮುಟ್ಟಿತ್ತು! ಅವನ ಕೈ ಲೆಕ್ಕಕ್ಕೇ ಬಂದಿರಲಿಲ್ಲ...

‘ಅವನು ಕೊಲ್ಲಿ ಅನ್ನಲಿಲ್ಲ. ಉಳಿಸಿ ಅನ್ನೋಕೆ ನಾನು ಬಿಡಲಿಲ್ಲ. ಅಪ್ಪಾ, ಒಂದೇ ಒಂದು ಹೊಲಿಗೆ ಅಂದೆನಲ್ಲ...’

ಮುದುಕಿ ಎದುರಿಗೇ ನಿಂತಿದ್ದಳು. ರೋದೆ ಕೆಂಪಾಗದ ಕಡೆ ಅಳೆದು, ನೇರವಾಗಿ ಕತ್ತರಿಸಿ ಕೊಟ್ಟಳು. ಉಳಿದದ್ದನ್ನು ತಾನೇ ಕೇಳಿ ಇಟ್ಟುಕೊಂಡಳು.

ವಸಂತದಲ್ಲಿ ಸೆರೆಯಾಳುಗಳ ಅದಲುಬದಲಾಯಿತು. ಒಂದು ಮಧ್ಯಾಹ್ನ ಪೇಟೆಯ ಗದ್ದಲ ತಟ್ಟನೆ ತಗ್ಗಿತು. ರೋದೆ ತಲೆ ಎತ್ತಿದಳು.

ಎರಾತೋನ್ ನಿಂತಿದ್ದ. ಹಣೆಯ ಮೇಲೆ, ಅವನನ್ನು ನೀರಿನಿಂದ ಎತ್ತಿದ ಶತ್ರುಗಳು ಗುಲಾಮನೆಂದು ಹಾಕಿದ ಬರೆ. ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಜನ ನೋಡಿ ಮುಖ ತಿರುಗಿಸುತ್ತಿದ್ದರು.

ಅವಳು ಅವನನ್ನು ಕೂರಿಸಿ, ಬಿಳಿ ರಿಬ್ಬನ್ ತೆಗೆದು ಆ ಬರೆಯ ಮೇಲೆ ಸುತ್ತತೊಡಗಿದಳು. ಅವಳ ಮಡಿಲಲ್ಲಿದ್ದ ಕೆಂಪು ಗೆರೆಯ ಬಟ್ಟೆ ಅವನಿಗೂ ಕಂಡಿತು.

“ಯಾಕೆ ಸುಳ್ಳು ಹೇಳ್ದೆ?”

“ನನ್ನ ದ್ವೇಷಿಸಿ ನೀನು ಬದುಕ್ತೀಯ ಅಂತ ಗೊತ್ತಿತ್ತು. ನಿನ್ನನ್ನೇ ದ್ವೇಷಿಸ್ಕೊಂಡ್ರೆ... ನೀನು ಇರಬೇಕಿತ್ತು ರೋದೆ. ನಂಗೆ ಅಷ್ಟೇ ಬೇಕಿತ್ತು.”

ಅವಳು ರಿಬ್ಬನನ್ನು ಇನ್ನೊಂದು ಸುತ್ತು ತಂದಳು.

“ನಿನ್ನ ಕೈ ಇದ್ದಿದ್ರೆ ಅಪ್ಪ ಉಳೀತಿದ್ನಾ?”

“ಇಲ್ಲ. ಕೊಲ್ಲಿ ಅಂದೋರು ತುಂಬಾ ಜನ ಇದ್ರು. ನನ್ನೊಂದು ಕೈಯಿಂದ ಏನೂ ಆಗ್ತಿರಲಿಲ್ಲ.”

ಗಂಟು ಹಾಕುತ್ತಿದ್ದ ಬೆರಳುಗಳು ನಿಂತವು.

“ಸುಳ್ಳು.”

“ಹೂಂ.”

ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

“ಇನ್ನೊಂದ್ಸಲ ಹೇಳು.”

ಅವನು ಹೇಳಿದ.