ನಲವತ್ತೊಂದನೇ ಪುಟದ ಸೂರ್ಯನ ಕುದುರೆ

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಪುಸ್ತಕ ಅಚ್ಚಿಗೆ ಹೋಗಬೇಕು. ಶನಿವಾರ ನಸುಕಾದರೂ ಅದರ ನಲವತ್ತೊಂದನೇ ಪುಟ ಖಾಲಿಯಾಗಿಯೇ ಇತ್ತು.

ಪುಸ್ತಕ ಸುಮಲತಾಳದು. ಹರಪನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳು ಮೂರು ವರ್ಷದ ಭಾನುವಾರಗಳನ್ನೆಲ್ಲ ಹೊಲದ ಬದು, ಕೆರೆಯಂಗಳ, ಗುಡ್ಡದ ಬುಡ ಅಂತ ಸುತ್ತಿ, ಸುತ್ತಲ ಐದು ತಾಲ್ಲೂಕಿನ ಹುಳುಗಳ ಫೋಟೊ ತೆಗೆದು ಮಕ್ಕಳಿಗಾಗಿ ಕೂಡಿಸಿದ್ದಳು. ಸಿಗದೆ ಉಳಿದದ್ದು ಒಂದೇ ಒಂದು, ಪಿಟೀಲು ಸೂರ್ಯನ ಕುದುರೆ. ಒಣ ಎಲೆಯ ಬಣ್ಣ, ಕಡ್ಡಿಯಂಥ ಕುತ್ತಿಗೆ, ಪಿಟೀಲಿನಂಥ ಮೈ. ಎದುರಿಗೇ ಕೂತಿದ್ದರೂ ಕಣ್ಣಿಗೆ ಬೀಳದ ಜೀವ. ಅಂಥದ್ದೊಂದನ್ನು ತಮ್ಮ ಗುಡ್ಡದಲ್ಲಿ ಕಂಡೆ ಎಂದು ಕೂಡ್ಲಿಗಿ ಆಚೆಯ ಕುರಿಗಾರ್ತಿ ಜಂಬಕ್ಕ ಫೋನು ಮಾಡಿದ್ದಳು. ಅವಳ ಮಗಳು ಚಂದನಾ ಹಾಸ್ಟೆಲ್ಲಿನಲ್ಲಿದ್ದುಕೊಂಡು ಸುಮಲತಾಳ ಹತ್ತಿರವೇ ಓದುತ್ತಿದ್ದಳು.

ಸುಮಲತಾಳ ಜೊತೆಗೆ ಹೊರಟವನು ಮಾವ ಗುರುಸಂಗಪ್ಪ. ಕೇಳಿದವರೆಲ್ಲ ನಕ್ಕರು. ನಗದೆ ಏನು ಮಾಡಿಯಾರು? ಗುರುಸಂಗಪ್ಪ ಮೂವತ್ತೈದು ವರ್ಷದಿಂದ ಗೊಬ್ಬರ, ಔಷಧಿ ಅಂಗಡಿ ಇಟ್ಟವನು. ರೈತರು ತೂತು ಬಿದ್ದ ಎಲೆ ತಂದು ಗಲ್ಲೆಯ ಮೇಲಿಟ್ಟರೆ, ಹುಳದ ಹೆಸರಿಗಿಂತ ಮುಂಚೆ ಅದಕ್ಕೆ ಹೊಡೆಯುವ ಎಣ್ಣೆಯ ಹೆಸರು ಹೇಳುವವನು. ಸೊಸೆ ಹುಳ ಹುಡುಕುವವಳು, ಮಾವ ಹುಳ ಕೊಲ್ಲುವವನು. ಎಣ್ಣೆ ಸೀಗೆಕಾಯಿ ಒಂದೇ ಮನೆಯಲ್ಲಿದ್ದವು.

ಸುಮಲತಾಳ ಗಂಡ ಗಂಗಾಧರ ಹೋಗಬಹುದಿತ್ತು. ಆದರೆ ಮೆಕ್ಕೆಜೋಳಕ್ಕೆ ಸೈನಿಕ ಹುಳ ಬಿದ್ದ ಹೊತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಕರಡಿ ಇರೋ ಗುಡ್ಡಕ್ಕ ಕೂಸಿನ್ನ ಒಬ್ಬಾಕಿನ್ನ ಕಳ್ಸಾಕಾಗ್ತೈತೇನು? ನೀವು ಹೋಗ್ರಿ," ಎಂದು ಗುರುಬಸಮ್ಮ ಗಂಡನಿಗೆ ಅಪ್ಪಣೆ ಕೊಟ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು.

ಗುರುಸಂಗಪ್ಪ ಗೊಣಗಿದಂತೆ ಮಾಡಿದ. ಒಳಗೆ ಅವನಿಗೆ ಹಿಗ್ಗೋ ಹಿಗ್ಗು. ಹೆಣ್ಣುಮಕ್ಕಳಿಲ್ಲದ ಮನೆ ಅದು. ಸೊಸೆ ಬಾಗಿಲಲ್ಲಿ ನಿಂತು "ಮಾವಾರ" ಎಂದು ಕರೆದಾಗಲೆಲ್ಲ ಅವನ ಮನಸ್ಸು ಮೆತ್ತಗಾಗುತ್ತಿತ್ತು. ಈ ಹುಡುಗಿಗೆ ತನ್ನಿಂದ ಒಂದಾದರೂ ಉಪಕಾರ ಆಗಲಿ ಎಂದು ಎಷ್ಟೋ ದಿನದಿಂದ ಕಾಯುತ್ತಿದ್ದ.

"ಅಂಗಡಿ ಗಾಡಿ ತಗೊಂಡು ಹೋಗಾನೇನು?" ಎಂದ.

"ಬ್ಯಾಡ್ರಿ ಮಾವಾರ. ಅದರ ವಾಸನಿಗೆ ಗುಡ್ಡದ ಹುಳ ಎಲ್ಲಾ ಆಂಧ್ರ ಸೇರ್ತಾವು," ಎಂದಳು ಸುಮಲತಾ.

ಬಸ್ಸಿನಲ್ಲೇ ಹೊರಟರು. ಕೊಟ್ಟೂರು ದಾಟಿ, ಕೂಡ್ಲಿಗಿಯಲ್ಲಿ ಇಳಿದು, ಆಟೊದಲ್ಲಿ ಅಷ್ಟು ದೂರ ಹೋಗಿ, ಹನ್ನೊಂದರ ಹೊತ್ತಿಗೆ ಜಂಬಕ್ಕನ ಹೊಲದ ಗುಡಿಸಲು ಮುಟ್ಟಿದರು.

ಗುಡಿಸಲ ಹಿಂದಿನಿಂದಲೇ ಗುಡ್ಡ ಏಳುತ್ತಿತ್ತು. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಅವುಗಳ ಸಂದಿಯಲ್ಲಿ ಕಾರೆ, ಜಾಲಿ, ಕಳ್ಳಿ, ಹಳದಿ ಹೂವು ತುಂಬಿದ ತಂಗಡಿ ಗಿಡ. ಶ್ರಾವಣದ ನಾಲ್ಕು ಹನಿಗೆ ಬಂಡೆಯ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ದೂರದ ಸಾಲುಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಕೆಳಗೆ ಜಂಬಕ್ಕನ ಗಂಡ ಉಚ್ಚಂಗೆಪ್ಪನ ಕುರಿಗಳು ಬಯಲ ತುಂಬ ಹರಡಿಕೊಂಡು ಮೇಯುತ್ತಿದ್ದವು. ಇಷ್ಟು ಹತ್ತಿರದಲ್ಲಿ ಇಂಥದ್ದೊಂದು ಗುಡ್ಡವಿದ್ದರೂ ತಾನು ಒಂದು ದಿನವೂ ಹತ್ತಲಿಲ್ಲವಲ್ಲ ಎಂದುಕೊಂಡ ಗುರುಸಂಗಪ್ಪ.

ಮೂವರೂ ಹತ್ತಿದರು. ಜಂಬಕ್ಕ ಕೋಲು ಹಿಡಿದು ಮುಂದೆ, ಸುಮಲತಾ ಕ್ಯಾಮೆರಾ ಹಿಡಿದು ನಡುವೆ, ಗುರುಸಂಗಪ್ಪ ಉಸಿರು ಹಿಡಿದು ಹಿಂದೆ. ಹುಳಗಳಿಗೇನೂ ಬರವಿರಲಿಲ್ಲ. ಜಾಲಿಯಲ್ಲಿ ಹಸಿರಾಗಿ ಹೊಳೆಯುವ ಜೀರಂಗಿ ಸಿಕ್ಕಿತು. ಮಣ್ಣಿನ ಗಡಿಗೆ ಕಟ್ಟುವ ಕಣಜ ಸಿಕ್ಕಿತು.

"ಇದಕ್ಕ ಲೀಟರ್ ನೀರಿಗೆ ಎರಡು ಎಂ.ಎಲ್. ಹಾಕಿದ್ರ ಸಾಕು," ಎಂದ ಗುರುಸಂಗಪ್ಪ, ಎಲೆ ಮೇಲಿನ ಒಂದು ಕಂಬಳಿಹುಳ ನೋಡಿ.

"ಅದಕ್ಕ ಬ್ಯಾರೆ ಹೆಸರೂ ಐತ್ರಿ ಮಾವಾರ," ಎಂದು ಸುಮಲತಾ ನಕ್ಕಳು. ಅವನೂ ನಾಚಿಕೊಂಡು ನಕ್ಕ.

ಆದರೆ ಬೇಕಾದದ್ದು ಸಿಗಲಿಲ್ಲ. ಏಳು ತಾಸು ಸುತ್ತಿ, ಮುಳ್ಳಿನಿಂದ ಮೈ ಗೀರಿಸಿಕೊಂಡು, ಹೊತ್ತು ಇಳಿಯುವಾಗ ಗುಡಿಸಲಿಗೆ ಬಂದರು. ಸುಮಲತಾ ಮುಖ ತೊಳೆಯಲು ಬಾಗಿದವಳು ಹಾಗೇ ನಿಂತುಬಿಟ್ಟಳು.

ಅಂಗಳದಾಚೆ ಒಂದು ಕಾರೆ ಗಿಡ. ಗಾಳಿ ಇರಲಿಲ್ಲ. ಆದರೂ ಅದರೊಳಗೆ ಒಂದು ಕಡ್ಡಿ ತೂಗುತ್ತಿತ್ತು.

"ಮಾವಾರ... ಅದಾ!" ಎಂದು ಪಿಸುಗುಟ್ಟಿದಳು. "ಇನ್ನೂ ರೆಕ್ಕಿ ಬಂದಿಲ್ಲ. ತಲಿಕೆಳಗಾಗಿ ನೇತಾಡಾಕತ್ತೈತಿ ನೋಡ್ರಿ, ಈಗ ಪೊರಿ ಬಿಡ್ತೈತಿ. ಮುಂಜಾನಿಗೆ ರೆಕ್ಕಿ ಬಿಚ್ಚಿ ಕುಂತಿರ್ತೈತಿ. ಈಗ ಗಿಡ ಅಲ್ಲಾಡಿದ್ರ ಬಿದ್ದು ಸಾಯ್ತೈತಿ. ಯಾರೂ ಹತ್ರ ಹೋಗಬ್ಯಾಡ್ರಿ."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಸಂಜೆಯ ಮಸುಕಿನಲ್ಲಿ ದೂರದಿಂದ ತೆಗೆದ ಫೋಟೊದಲ್ಲಿ ಕಡ್ಡಿಗಳ ನಡುವೆ ಇನ್ನೊಂದು ಕಡ್ಡಿ ಕಂಡಿತು, ಅಷ್ಟೆ. ನಾಳೆ ಬೆಳಗಾದರೆ ಸಾಕು ಎಂದು ಅವಳು ಜಂಬಕ್ಕನ ಜೊತೆ ಒಲೆ ಹಚ್ಚಲು ಹೋದಳು.

ಗುರುಸಂಗಪ್ಪ ಮಾತ್ರ ಅಲ್ಲೇ ಕೂತಿದ್ದ. ಆಗ ಅವನಿಗೆ ಇರುವೆ ಸಾಲು ಕಂಡಿತು. ಕಲ್ಲಿನ ಸಂದಿಯಿಂದ ಹೊರಟು ಆ ಗಿಡದ ಬುಡದ ಕಡೆಗೇ ಹೋಗುತ್ತಿತ್ತು. ಪೊರೆ ಬಿಟ್ಟ ಹುಳದ ಮೈ ಬೆಣ್ಣೆಯಷ್ಟು ಮೆತ್ತಗಿರುತ್ತದೆ ಎಂಬುದು ಅವನಿಗೆ ಗೊತ್ತು. ಇರುವೆ ಮುತ್ತಿದರೆ ಒಂದು ತಾಸಿನ ಕೆಲಸ. ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ಕನ್ನಡಕದ ಜೊತೆ ಯಾವಾಗಲೂ ಇರುವ, ಇರುವೆ ಪುಡಿಯ ಸಣ್ಣ ಡಬ್ಬಿ ಇತ್ತು.

ಗಿಡ ಮುಟ್ಟದೆ, ಉಸಿರು ಬಿಗಿಹಿಡಿದು, ಬುಡದ ಸುತ್ತ ಒಂದು ಬಿಳಿ ಗೆರೆ ಹಾಕಿದ. ಇರುವೆ ಸಾಲು ಹಿಂದಕ್ಕೆ ತಿರುಗಿತು. ಕೂಸಿನ ತೊಟ್ಟಿಲಿಗೆ ಸೊಳ್ಳೆಪರದೆ ಕಟ್ಟಿದಷ್ಟು ಸಮಾಧಾನವಾಗಿ ಅವನಿಗೆ ಒಳ್ಳೆಯ ನಿದ್ದೆ ಬಂತು. ಬೆಳಗಿನ ಜಾವ ಗಾಳಿ ಎದ್ದದ್ದು ಗೊತ್ತೇ ಆಗಲಿಲ್ಲ.

ಮೂಡಲು ಬೆಳ್ಳಗಾದಾಗ ಮೊದಲು ಎದ್ದವನು ಅವನೇ. ಗಿಡದ ಹತ್ತಿರ ಹೋಗಿ ನೋಡಿದ. ಖಾಲಿ ಪೊರೆ ಕಡ್ಡಿಗೆ ನೇತಾಡುತ್ತಿತ್ತು. ಸೂರ್ಯನ ಕುದುರೆ ನೆಲದ ಮೇಲಿತ್ತು. ಒಂದು ರೆಕ್ಕೆ ಬಿಚ್ಚಿತ್ತು, ಇನ್ನೊಂದು ಅರ್ಧಕ್ಕೇ ನಿಂತಿತ್ತು. ಮೈಮೇಲೆಲ್ಲ ಗಾಳಿ ಎರಚಿದ ಬಿಳಿ ಪುಡಿ.

ಹುಳ ಸತ್ತದ್ದನ್ನು ಗುರುಸಂಗಪ್ಪ ಲಕ್ಷಗಟ್ಟಲೆ ನೋಡಿದ್ದ. ಒಂದರ ಮುಂದೆ ಹೀಗೆ ನಿಂತುಬಿಟ್ಟದ್ದು ಇದೇ ಮೊದಲು. ಕಾಲಿನಿಂದ ಎರಡು ಸಲ ಮಣ್ಣೆಳೆದರೆ ಬಿಳಿ ಗೆರೆ ಮುಚ್ಚಿಹೋಗುತ್ತಿತ್ತು. ಒಂದು ಸಲ ಎಳೆದೂ ಎಳೆದ; ಗೆರೆಯೂ ಹುಳದ ಮೇಲಿನ ಪುಡಿಯೂ ಧೂಳಿನಲ್ಲಿ ಮಸುಕಾದವು. ಅಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು.

ಸುಮಲತಾ ಮೊಣಕಾಲೂರಿ ಕೂತಳು. "ಇರುವಿ ಮುತ್ತಿರಬೇಕ್ರಿ ಮಾವಾರ," ಎಂದಳು. "ಸುತ್ತ ಒಂದೀಟು ನೀರಾದ್ರೂ ಹಾಕಬೇಕಿತ್ತು ನಾನು. ನಂದ ತಪ್ಪು."

ಅದೊಂದು ಮಾತನ್ನು ಗುರುಸಂಗಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

"ನಿಂದಲ್ಲವ್ವಾ. ಇರುವಿ ಬರಬಾರದಂತ ನಾನು ಪುಡಿ ಹಾಕಿದ್ದೆ. ಗಾಳಿ ಬೀಸೀತು ಅಂತ ಹೊಳೀಲಿಲ್ಲ. ನಾನಽ ಕೊಂದೆ."

ಅವಳು ತಲೆಯೆತ್ತಿ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸತ್ತದ್ದನ್ನು ಎಲೆಯ ಮೇಲೆತ್ತಿಕೊಂಡು ಎದ್ದಳು. "ನೀವು ಇಲ್ಲೇ ಇರ್ರಿ. ನಾವಿಬ್ರು ಹೋಗಿಬರ್ತೀವಿ," ಎಂದಳು. ಮಾತಿನ ಕೊನೆಗೆ ಯಾವಾಗಲೂ ಇರುತ್ತಿದ್ದ "ಮಾವಾರ" ಇರಲಿಲ್ಲ.

ಗುರುಸಂಗಪ್ಪ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿದ. ಬೂದಿ, ಹುಣಸೆಹಣ್ಣು, ಮಣ್ಣು, ಸೋಪು, ಸಿಕ್ಕಿದ್ದೆಲ್ಲ ಹಚ್ಚಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದ. ಜಂಬಕ್ಕ ನೀರು ಹಾಕುತ್ತ, "ಸಾವ್ಕಾರ್ರಽ, ತೊಗಲು ಕಿತ್ತು ಬಂದೀತು, ಬಿಡ್ರಿ," ಎಂದಳು. ಅಂಗಿಯನ್ನೂ ಕಳಚಿಟ್ಟು ಉಚ್ಚಂಗೆಪ್ಪನ ಹಳೆಯ ಅಂಗಿ ತೊಟ್ಟ. ಅದರೊಳಗೆ ಅವನಂಥವರು ಇಬ್ಬರು ಹಿಡಿಯುತ್ತಿದ್ದರು.

"ಹತ್ತು ಹೆಜ್ಜಿ ಹಿಂದ ಬರ್ತೀನಿ. ಏನೂ ಮುಟ್ಟಂಗಿಲ್ಲ. ನೋಡಾಕ ಅಷ್ಟ," ಎಂದ.

ಸುಮಲತಾ ಕ್ಯಾಮೆರಾ ಹೆಗಲಿಗೇರಿಸಿ ಗುಡ್ಡದ ಕಡೆ ಹೊರಟಳು.

ಈ ಸಲ ಜಂಬಕ್ಕ ಗುಡ್ಡದ ಆಚೆ ಮಗ್ಗುಲಿಗೆ ಹತ್ತಿಸಿದಳು. ಕೈಯೂರಿ ಏರಬೇಕಾದ ಬಂಡೆಗಳು, ರಾತ್ರಿಯ ತೇವಕ್ಕೆ ಜಾರುವ ಪಾಚಿ. ಹನ್ನೆರಡಾಯಿತು, ಒಂದಾಯಿತು. ನಾಲ್ಕೂವರೆ ಬಸ್ಸು ತಪ್ಪಿದರೆ ಪುಟ ಖಾಲಿಯೇ ಅಚ್ಚಾಗಬೇಕು. ಮುಂದೆ ಇಬ್ಬರು ಹೆಂಗಸರೂ ಒಂದೊಂದು ಗಿಡದ ಕೊಂಬೆಯನ್ನೂ ಕಣ್ಣಿಟ್ಟು ಸೋಸುತ್ತಿದ್ದರು.

ಗುರುಸಂಗಪ್ಪ ಕೊಂಬೆ ನೋಡುತ್ತಿರಲಿಲ್ಲ. ಅಂಗಡಿಗೆ ಬಂದ ರೈತನಿಗೆ ಅವನು ಮೊದಲು ಕೇಳುವ ಪ್ರಶ್ನೆ ಒಂದೇ: "ಸುಳಿ ಇರ್ಲಿ, ಬುಡ ನೋಡಿದಿ ಏನು?" ಹುಳ ಅಡಗಬಲ್ಲದು, ಅದು ಕೆಳಗೆ ಬೀಳಿಸಿದ್ದು ಅಡಗಲಾರದು. ಹಾಗೆ ನೆಲವನ್ನೇ ನೋಡುತ್ತ ಬಂದವನು ಒಂದು ಬಂಡೆಯ ಅಂಚಿನಲ್ಲಿ ಥಟ್ಟನೆ ನಿಂತ.

ಎರಡಾಳುದ್ದ ಕೆಳಗೆ ಬಂಡೆ ಸೀಳಿನಲ್ಲಿ ಒಂದು ತಂಗಡಿ ಗಿಡ. ಅದರ ಬುಡದಲ್ಲಿ ಹಳದಿ ಚಿಟ್ಟೆಯ ರೆಕ್ಕೆಗಳು. ನಾಲ್ಕು, ಆರು, ಹತ್ತು. ಬರೀ ರೆಕ್ಕೆಗಳು, ಮೈ ಇಲ್ಲ.

"ಸುಮಾ!" ಎಂದು ಮೆಲ್ಲಗೆ ಕೂಗಿದ. "ಯಾರೋ ಇಲ್ಲಿ ಕುಂತು ಉಂಡು ಎಲಿ ಎಸದಾರ ನೋಡವ್ವಾ."

ಅವಳು ಬಂದು ಬಗ್ಗಿ ನೋಡಿದಳು. ರೆಕ್ಕೆಗಳ ನೇರಕ್ಕೆ ಕಣ್ಣು ಮೇಲೆತ್ತಿದಳು. ಹೂಗೊಂಚಲ ಪಕ್ಕದಲ್ಲಿ, ಒಣಗಿದ ಕಡ್ಡಿಯ ತುದಿಗೆ, ರೆಕ್ಕೆ ಮಡಚಿಕೊಂಡು, ಕುತ್ತಿಗೆ ಚಾಚಿಕೊಂಡು ಅದು ತೂಗುತ್ತಿತ್ತು.

ಜಂಬಕ್ಕ ಮೇಲೆ ನಿಂತು ತನ್ನ ಹೆಗಲ ಕಂಬಳಿ ಇಳಿಬಿಟ್ಟಳು.

ಸುಮಲತಾ ಅದನ್ನು ಹಿಡಿದು ಜಾರಿದಳು. ಗುರುಸಂಗಪ್ಪ ಹಿಂದೆಯೇ ಇಳಿದ.

ಅರ್ಧದಲ್ಲಿ ಕಾಲು ತಪ್ಪಿತು. ಮೊಣಕಾಲು ತರಚಿತು. ಕಂಬಳಿ ಬಿಡಲಿಲ್ಲ.

ಸೀಳಿನಲ್ಲಿ ಬೆಳಕು ಕಡಿಮೆ, ಗಾಳಿ ಜಾಸ್ತಿ. ಕೊಂಬೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಸುಮಲತಾ ನಾಲ್ಕು ಸಲ ತೆಗೆದಳು, ನಾಲ್ಕೂ ಕಲಸಿಹೋದವು. ಯಾರಾದರೂ ಕೊಂಬೆ ಹಿಡಿಯಬೇಕಿತ್ತು. ಅವಳು ಮಾವನ ಕೈ ನೋಡಿದಳು. ತಿಕ್ಕಿ ತಿಕ್ಕಿ ಕೆಂಪಾಗಿದ್ದ ಕೈ.

"ಹಿಡೀರಿ," ಎಂದಳು.

ಅವನು ಎರಡು ಬೆರಳಲ್ಲಿ ಕೊಂಬೆ ಹಿಡಿದ. ಕೊಂಬೆ ನಿಂತಿತು.

ಆಗ ಕೆಂಜಿಗ ಇರುವೆಗಳು ಬಂದವು.

ಬುಡದಿಂದ ಹತ್ತಿ ಬೆರಳಿಗೆ, ಬೆರಳಿಂದ ಮುಂಗೈಗೆ, ಉಚ್ಚಂಗೆಪ್ಪನ ಅಂಗಿಯ ತೋಳೊಳಗೆ. ಒಂದೊಂದೂ ಕಾದ ಸೂಜಿ ಚುಚ್ಚಿದಂತೆ. ಕೊಡವಿದರೆ ಕೊಂಬೆ ಅಲ್ಲಾಡುತ್ತದೆ. ಗುರುಸಂಗಪ್ಪ ಹಲ್ಲು ಕಚ್ಚಿದ.

"ಅಲ್ಲಾಡಬ್ಯಾಡ್ರಿ," ಮೇಲಿನಿಂದ ಜಂಬಕ್ಕ ಪಿಸುಗುಟ್ಟಿದಳು. ಅವಳು ಹೇಳಿದ್ದು ಇರುವೆಯ ವಿಷಯಕ್ಕಲ್ಲ. "ಕರಡಿ."

ಮೂವತ್ತು ಹೆಜ್ಜೆ ಕೆಳಗೆ, ಗೆದ್ದಲ ಹುತ್ತದ ಹತ್ತಿರ. ಕರ್ರಗೆ, ಕೂದಲು ಕೆದರಿಕೊಂಡು. ಬೆನ್ನ ಮೇಲೆ ಮರಿ.

ಗಾಳಿ ಅದರ ಕಡೆಯಿಂದ ಬರುತ್ತಿದ್ದುದೇ ಪುಣ್ಯ. ತಾಯಿ ಹುತ್ತ ಬಗೆದು, ಮೂತಿ ತೂರಿಸಿ ಸೊರ್ರನೆ ಎಳೆಯಿತು.

ಕ್ಲಿಕ್.

ಕರಡಿ ತಲೆ ಎತ್ತಿತು.

ಯಾರೂ ಉಸಿರಾಡಲಿಲ್ಲ. ಇರುವೆಗಳು ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ಗುರುಸಂಗಪ್ಪನ ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂತು. ಕೊಂಬೆ ಹಿಡಿದ ಬೆರಳು ಕೂದಲೆಳೆಯಷ್ಟೂ ಅದುರಲಿಲ್ಲ.

ಮರಿ ಬೆನ್ನ ಮೇಲೆ ಹೊರಳಾಡಿ ಕುಂಯ್ ಎಂದಿತು. ತಾಯಿ ಅದನ್ನು ಸರಿಮಾಡಿಕೊಂಡು, ಇನ್ನೊಮ್ಮೆ ಈ ಕಡೆ ಮೂಸಿ, ನಿಧಾನಕ್ಕೆ ಕುರುಚಲಿನೊಳಗೆ ಹೋಯಿತು.

ಕ್ಲಿಕ್. ಕ್ಲಿಕ್. ಕ್ಲಿಕ್.

"ಆತು. ಬಿಡ್ರಿ, ಬಿಡ್ರಿ!" ಎಂದಳು ಸುಮಲತಾ. ಅವನು ಆಗಲೂ ಕೊಂಬೆಯನ್ನು ಒಮ್ಮೆಲೇ ಬಿಡಲಿಲ್ಲ. ಮೆಲ್ಲಗೆ ಅದರ ಜಾಗಕ್ಕೆ ತಂದು ನಿಲ್ಲಿಸಿ, ಆಮೇಲೆ ಕೈ ತೆಗೆದ. ತೋಳು ಕೊಡವಲು ಹೋದವನು ತಡೆದು, ಇರುವೆಗಳನ್ನು ಒಂದೊಂದಾಗಿ ಬಂಡೆಯ ಮೇಲೆ ಉದುರಿಸತೊಡಗಿದ. ಅವಳೂ ಕ್ಯಾಮೆರಾ ಕೆಳಗಿಟ್ಟು, ಅವನ ತೋಳು ಹಿಡಿದು ಇರುವೆ ಆರಿಸಿದಳು.

ನಾಲ್ಕೂವರೆ ಬಸ್ಸಿಗೆ ಓಡಿಬಂದು ಹತ್ತಿದರು. ಕೊಟ್ಟೂರು ಬರುವ ಹೊತ್ತಿಗೆ ಸುಮಲತಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಗುರುಸಂಗಪ್ಪ ಅವಳ ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹರಪನಹಳ್ಳಿ ಬರುವವರೆಗೂ ಎಚ್ಚರವಾಗಿದ್ದ.

ಮನೆಯಲ್ಲಿ ಗುರುಬಸಮ್ಮ ಗಂಡನ ಅಂಗಿ ನೋಡಿ ಗಾಬರಿಯಾದಳು, ಕೈ ನೋಡಿ ಸುಣ್ಣ ಕಲಸಲು ಓಡಿದಳು. ಸುಮಲತಾ ಕಂಪ್ಯೂಟರಿನಲ್ಲಿ ಫೋಟೊ ತೆರೆದಳು. ಎಲ್ಲರೂ ಸುತ್ತ ನಿಂತರು. ಸೂರ್ಯನ ಕುದುರೆಯ ಕಣ್ಣಿನ ಮಣಿ, ರೆಕ್ಕೆಯ ಎಳೆ ಎಳೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೂಲೆಯಲ್ಲಿ ಬಾತುಹೋದ ಎರಡು ಬೆರಳು, ಅವುಗಳ ಮೇಲೆ ಮೂರು ಕೆಂಜಿಗ.

"ಫೋಟೊ ಭಾರಿ ಬಂದೈತಿ. ಆ ಬೆರಳು ಒಂದೀಟು ಕತ್ತರಿಸಿಬಿಡು," ಎಂದ ಗಂಗಾಧರ.

"ಹೌದವ್ವಾ, ಕತ್ತರಿಸು," ಎಂದ ಗುರುಸಂಗಪ್ಪ. "ಮಕ್ಕಳು ನೋಡೋ ಪುಸ್ತಕ. ಯಾರ ಬೆರಳು ಅಂತ ಕೇಳಿದ್ರ?"

ಸುಮಲತಾ ಫೋಟೊವನ್ನು ಹಾಗೇ ಎತ್ತಿ ನಲವತ್ತೊಂದನೇ ಪುಟದಲ್ಲಿ ಕೂಡಿಸಿದಳು.

"ನಮ್ಮ ಮಾವಾರ್ದು ಅಂತೀನ್ರಿ," ಎಂದಳು.

ಗುರುಸಂಗಪ್ಪ ಮುಖ ತಿರುಗಿಸಿ, ಸುಣ್ಣ ಇನ್ನೂ ಯಾಕೆ ಬರಲಿಲ್ಲ ಎಂದು ಹೆಂಡತಿಯನ್ನು ಜೋರಾಗಿ ಕೂಗಿದ.