ಕಾಯಿಲೆಯಲ್ಲದ್ದಕ್ಕೆ ಹರಕೆ

“ಈಗ ಹೇಗಿದೀಯಮ್ಮ? ಏನಾದ್ರೂ ವಾಸಿ ಅನ್ಸುತ್ತಾ?” ಮಂಗಳಾರತಿ ತಟ್ಟೆ ಹಿಡಿದುಕೊಂಡೇ ವೈದ್ಯನಾಥಪುರದ ಅರ್ಚಕರು ಕೇಳಿದರು.

ನನಗೆ ನೆಗಡಿ ಕೂಡ ಇರಲಿಲ್ಲ. ಪಕ್ಕದಲ್ಲಿದ್ದ ಸಿದ್ದೇಶನನ್ನು ನೋಡಿದೆ. ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಅಷ್ಟೊಂದು ಭಕ್ತಿ ಅವನಿಗೆ ಯಾವತ್ತೂ ಇರಲಿಲ್ಲ. ಒಂದು ಕಣ್ಣು ಮೆಲ್ಲಗೆ ತೆರೆದು, ನನ್ನ ಮುಖ ನೋಡಿ, ಮತ್ತೆ ಮುಚ್ಚಿಕೊಂಡ.

ಹೊರಗೆ ಚಪ್ಪಲಿ ಮೆಟ್ಟುತ್ತಾ ಕೇಳಿದೆ. “ಯಾರಿಗ್ಲಾ ಕಾಯಿಲೆ?”

“ಸಿಟ್ಟಾಗ್ಬೇಡ ಕಣಮ್ಮಿ. ಈ ದೇವ್ರು ಎಂಥಾ ಕಾಯಿಲೆನಾದ್ರೂ ವಾಸಿ ಮಾಡ್ತಾನೆ ಅಂತಾರಲ್ಲ. ಈ ಐನೋರ ಮುಂದೆ ನಿನ್ ಎಸ್ರಲ್ಲಿ ಒಂದು ಹರಕೆ ಹೊತ್ಕೊಂಡಿದ್ದೆ.”

ನನಗೆ ಮೈಯೆಲ್ಲ ಉರಿದುಹೋಯಿತು.

ಹೋದ ತಿಂಗಳು ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಕೆಳಗೆ ಕೂತು ಅವನಿಗೆ ಎಲ್ಲ ಹೇಳಿದ್ದೆ. ನಮ್ಮ ಮದುವೆಯ ಒಪ್ಪಿಗೆ ಶಾಸ್ತ್ರಕ್ಕೆ ಮುಂಚೆ ತಿಳಿದಿರಲಿ ಅಂತ. “ನೀನಂದ್ರೆ ಪ್ರಾಣ ಸಿದ್ದೇಶ. ಆದ್ರೆ ಹಾಸಿಗೆ ವಿಷಯದಲ್ಲಿ ನಂಗೆ ಆಸೆನೇ ಹುಟ್ಟಲ್ಲ. ಯಾರ ಮೇಲೂ ಹುಟ್ಟಿಲ್ಲ. ಅಸೆಕ್ಷುಯಲ್ ಅಂತಾರೆ. ನಿನ್ನ ಕೈ ಹಿಡ್ಕೊಂಡು ಕೂರೋದು ಇಷ್ಟ, ಭುಜಕ್ಕೆ ಒರಗೋದು ಇಷ್ಟ.” ಅವನು ತಲೆಯಾಡಿಸಿದ್ದ. ಅರ್ಥವಾಯ್ತು ಅಂದುಕೊಂಡು ಕುಣಿದುಕೊಂಡು ಮನೆಗೆ ಹೋಗಿದ್ದೆ. ಎಂಥಾ ಪೆದ್ದಿ ನಾನು.

“ನಮ್ಮವ್ವಂಗೂ ಹೇಳಿರಲಿಲ್ಲ. ನಿಂಗೊಬ್ಬಂಗೆ ಹೇಳ್ದೆ. ನೀನು ನನ್ನ ಪೇಷಂಟ್ ಮಾಡ್ದೆ.”

“ಮದ್ವೆ ಆದ್ಮೇಲೆ ಎಲ್ಲ ಸರಿಹೋಯ್ತದೆ ಬುಡು.”

ಆ ಒಂದು ಮಾತು ಅವನು ಆಡಬಾರದಿತ್ತು. ನಾನು ಒಬ್ಬಳೇ ಬಸ್ಸು ಹತ್ತಿ ಮಂಡ್ಯಕ್ಕೆ ಬಂದೆ. ಮನೆಯಲ್ಲಿ ಶಾಸ್ತ್ರ ನಿಲ್ಲಿಸಿ ಅಂದೆ. ಯಾಕೆ ಅಂತ ಹೇಳದಿದ್ದಕ್ಕೆ ಅವ್ವ ಮಾತು ಬಿಟ್ಟಳು. ಸಿದ್ದೇಶನ ಫೋನು ಬಂದಾಗಲೆಲ್ಲ ಕಟ್ ಮಾಡಿದೆ, ಆಮೇಲೆ ಮತ್ತೆ ಬರಲಿ ಅಂತ ಕಾದೆ.

ಫೋನಿನಲ್ಲಿ ನಮ್ಮಂಥವರದೊಂದು ಗ್ರೂಪಿದೆ. ಸುಮ್ಮನೆ ಓದುತ್ತಿದ್ದವಳು ಆ ಸಂಜೆ ಸಿಟ್ಟಲ್ಲಿ ಎಲ್ಲ ಬರೆದುಬಿಟ್ಟೆ. ಮಳವಳ್ಳಿಯ ಶಾಲಿನಿ ಅನ್ನೋ ಟೀಚರಿಂದ ಉತ್ತರ ಬಂತು. “ನಮ್ಮಮ್ಮ ನಂಗೆ ತಾಯ್ತ ಕಟ್ಟಿಸಿದ್ರು. ಭಾನುವಾರ ಮದ್ದೂರಲ್ಲಿ ಸೇರ್ತೀವಿ, ಬಾ.”

ಶಾಲಿನಿಯ ಒಪ್ಪಿಗೆ ಕೇಳಿ ಸಿದ್ದೇಶನಿಗೂ ಒಂದು ಮೆಸೇಜ್ ಹಾಕಿದೆ. ನನ್ನಂಥವರನ್ನ ನೋಡ್ಬೇಕು ಅನ್ಸಿದ್ರೆ ಬಾ.

ಭಾನುವಾರ ಮದ್ದೂರಿನ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ನಾವು ಕೆಲವರು, ಮಧ್ಯೆ ವಡೆ ತಟ್ಟೆ. “ನಂಗೆ ಲವ್ವೂ ಹುಟ್ಟಲ್ಲ ಕಣೆ,” ಅಂದಳು ಶಾಲಿನಿ. “ಅರೋಮ್ಯಾಂಟಿಕ್ಕು. ಫ್ರೆಂಡ್ಸು, ಕಾಫಿ, ಮನೇಲೊಂದು ನಾಯಿ, ಸಾಕು. ನಿನ್ನ ಕಥೆನೇ ಬೇರೆ. ಬಂದಾಗಿಂದ ಬಾಗ್ಲೇ ನೋಡ್ತಿದೀಯ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತುಬಿಟ್ಟೆ. ಸರಿಹೋಗುತ್ತೆ ಅಂತ ಅಲ್ಲಿ ಒಬ್ಬರೂ ಅನ್ನಲಿಲ್ಲ. ಅದಕ್ಕೇ ಅಷ್ಟು ಅಳು ಬಂದದ್ದು.

ಕಾಫಿ ಮುಗಿಯುವಾಗ ಸಿದ್ದೇಶ ಬಂದ. ಹಣೆ ತುಂಬ ವಿಭೂತಿ.

“ಮತ್ತೆ ಹರಕೆನಾ?”

“ಅಲ್ಲ. ತಪ್ಪುಕಾಣಿಕೆ ಹಾಕ್ಬಂದೆ. ಕಾಯಿಲೆ ಇಲ್ದೋಳ್ನ ವಾಸಿ ಮಾಡು ಅಂತ ಕೇಳ್ಬುಟ್ಟಿದ್ದೆ, ತಪ್ಪಾಯ್ತು ಅಂದೆ.”

“ದೇವ್ರಿಗೆ ಹಾಕ್ದೆ, ಸರಿ. ನಂಗೆ?”

ಉಳಿದವರಿಗೆಲ್ಲ ಇದ್ದಕ್ಕಿದ್ದಂತೆ ಚಟ್ನಿ ಮೇಲೆ ಗಮನ ಹೋಯಿತು.

“ನಂಗೆ ಆಸೆ ಐತೆ ನಾಗು. ಇಲ್ಲ ಅಂತ ಸುಳ್ಳೇಳಕಾಗಲ್ಲ. ಅದ್ನ ಇಟ್ಕೊಂಡು ನಿನ್ ಜೊತೆ ಎಂಗಿರ್ಬೇಕು ಅಂತ್ಲೂ ಗೊತ್ತಿಲ್ಲ. ಆದ್ರೆ ನೀನು ಬದಲಾಗ್ಲಿ ಅಂತ ಇನ್ಯಾವ ದೇವ್ರತ್ರನೂ ಓಗಲ್ಲ.”

ನಾನು ಕಾದಿದ್ದ ಉತ್ತರ ಇದಲ್ಲ. ಸಿಟ್ಟು ಪೂರ್ತಿ ಇಳಿದೂ ಇರಲಿಲ್ಲ. “ಶಾಸ್ತ್ರ ಈಗ ಬೇಡ. ಮೊದ್ಲು ತಿಳ್ಕೊ,” ಅಂದೆ.

“ಆಯ್ತು.” ಕುರ್ಚಿ ಎಳೆದು ಕೂತ. ಟೇಬಲ್ ಮೇಲೆ ಅಂಗೈ ಬಿಡಿಸಿಟ್ಟ. “ಕೈ ಹಿಡ್ಕೊಂಡು ಕೂರೋದು ಇಷ್ಟ ಅಂದಿದ್ದೆ, ಅಲ್ವಾ?”

ಹುಣಸೆಮರದ ಕೆಳಗೆ ನನಗಿಲ್ಲದ್ದು, ಇಷ್ಟವಾದದ್ದು ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ದೆ. ಆವತ್ತು ಅವನಿಗೆ ಇಲ್ಲ ಅಂದದ್ದಷ್ಟೇ ಕೇಳಿಸಿತ್ತು. ನನ್ನ ಕೈಯನ್ನು ಅವನ ಅಂಗೈ ಮೇಲಿಟ್ಟೆ.