ಅವನು ಬಿಟ್ಟುಕೊಟ್ಟ ಆಟ

ಕೊಳ್ಳೇಗಾಲದ ಕಲ್ಯಾಣ ಮಂಟಪದಲ್ಲಿ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತು. ಆಟಕ್ಕೆ ಮೊದಲು ಕೈ ಕುಲುಕಲೇಬೇಕು. ದೀಪ ಕೈ ಚಾಚಿದಳು, ಮುಖ ಎತ್ತಲಿಲ್ಲ.

ಎದುರಿಗೆ ಸತ್ತೇಗಾಲದ ಮಹದೇವಪ್ರಸಾದ್. ಒಂದು ವರ್ಷದಿಂದ ಅವಳು ಮಾತು ಬಿಟ್ಟಿದ್ದ ಹುಡುಗ!

"ಇನ್ನೂ ಕ್ವಾಪ್ವಾ?"

"ನೆಟ್ಗೆ ಆಡಿ, ಸಾಕು."

ಹೋದ ವರ್ಷದ ಫೈನಲ್‌ನಲ್ಲಿ ಅವನು ಸೋಲೊಪ್ಪಿ ಎದ್ದಿದ್ದ. ಯಳಂದೂರಿನ ತನ್ನ ಮನೆಯಲ್ಲಿ, ನಡೆಗಳನ್ನು ಬರೆದಿದ್ದ ಹಾಳೆ ನೋಡಿ ಮತ್ತೆ ಕಾಯಿ ಜೋಡಿಸಿದಾಗ ದೀಪಳಿಗೆ ತಿಳಿಯಿತು... ಅವನ ರಾಜ ಒಂದು ಮನೆ ಹಿಂದೆ ಸರಿದಿದ್ದರೆ ಆಟ ಡ್ರಾ!

ಅವನ ಸ್ನೇಹಿತರಂತೂ, "ಪ್ರೀತಿಗೋಸ್ಕರ ಬುಟ್ಕೊಟ್ಟ ಕಣ್ಲಾ!" ಎಂದು ಊರೆಲ್ಲ ಸಾರಿದರು. ಅವನು ಅಲ್ಲವೆನ್ನಲಿಲ್ಲ. ಅವನ ತಾಯಿ ಸಂಬಂಧ ಕೇಳಿಕೊಂಡು ಬಂದಾಗ ದೀಪ ಉತ್ತರವನ್ನೇ ಕೊಡಲಿಲ್ಲ.

ಅದು ಅವಳು ಗೆದ್ದ ಮೊದಲ ಪಂದ್ಯಾವಳಿ. 'ದಾನವಾಗಿ ಸಿಕ್ಕಿದ್ದು... ಇಂಥವನ ಜೊತೆ ಸರಿಸಮನಾಗಿ ಬಾಳೋದು ಹೇಗೆ?'

ಬಿಳಿ ಕಾಯಿಯ ಅವನು ರಾಜನ ಮುಂದಿನ ಕಾಲಾಳನ್ನು ನಡೆಸಿದ. ಅವಳು ಸಿಸಿಲಿಯನ್ ಆಡಿದಳು. ನೇರ ಎದುರು ನಿಲ್ಲದೆ, ಪಕ್ಕದಿಂದ ಕಾದಾಡುವ ಆಟ.

ಅವನು ಕರುಣೆ ತೋರಲಿಲ್ಲ. ಅವಳ ರಾಜನ ಮೇಲೆ ಮುಗಿಬಿದ್ದ. ಕೊನೆಗೆ ದೀಪ ತನ್ನ ಆನೆಯನ್ನೇ ಕೊಟ್ಟು ಅವನ ಕುದುರೆಯನ್ನು ಹೊಡೆದಳು. ಬಯಲಿಗೆ ಬಿದ್ದ ಅವನ ರಾಜ ಮುಂದೆ ಮುಂದೆ ಓಡಿತು.

ಚೆಕ್‌ಮೇಟ್! ಕಪ್ಪು ಗೆದ್ದಿತ್ತು.

ಊಟದ ಹಾಲ್‌ನ ಉದ್ದನೆಯ ಮೇಜಿನ ಮೇಲೆ ಇಬ್ಬರೂ ಅದೇ ಆಟವನ್ನು ಮತ್ತೆ ಹರವಿಕೊಂಡರು.

"ಈ ಸಲಾನೂ ಬುಟ್ಕೊಟ್ರಾ?"

"ದೇವ್ರಾಣೆ ಇಲ್ಲ!"

"ಮತ್ತೆ ಇಲ್ಲಿ ರಾಜ ಹಿಂದುಕ್ಕೆ ಸರಿದಿದ್ರೆ?"

ಅವನು ಬಗ್ಗಿ ನೋಡಿದ. ಕಣ್ಣು ಅಗಲವಾದವು. "ಅಯ್ಯೋ ಶಿವ್ನೇ... ದಾರಿ ಇತ್ತಲ್ಲಾ!" ಹಣೆ ಚಚ್ಚಿಕೊಂಡ.

ಆ ಸಂಕಟ ನಟನೆಯಲ್ಲ. ದೀಪ ಅವನನ್ನೇ ನೋಡಿದಳು.

"ಓದ್ ವರ್ಸಾನೂ ಇಂಗೇ ಆದದ್ದು ಕಣ್ರಿ," ಅವನ ದನಿ ಇಳಿಯಿತು. "ನಂಗೆ ಹಿಂದ್ಲ ಮನೆ ಕಾಣ್ನೇ ಇಲ್ಲ. ಎಲ್ರೂ ತ್ಯಾಗ ಅಂದ್ರು... ದಡ್ಡ ಅನ್ನುಸ್ಕೊಳೋದ್ಕಿಂತ ವಾಸಿ ಅಂತ ಸುಮ್ಕಾದೆ. ನಿಮ್ಮ ಗೆಲುವ ಕದ್ದೆ."

'ಹಾಗಾದರೆ ಆ ಗೆಲುವು ನನ್ನದೇ!' ದೀಪಳ ಕಣ್ಣು ತುಂಬಿ ಬಂತು.

"ಒಂದು ವರ್ಸ ಬೇಕಾಯ್ತಾ ಇದುನ್ನ ಏಳಕ್ಕೆ?"

"ತೆಪ್ಪಾಯ್ತು. ಇಷ್ಟಪಟ್ಟಿದ್ದು ಮಾತ್ರ ಸುಳ್ಳಲ್ಲ."

ಅವಳು ಅವನ ರಾಜನನ್ನು ಎತ್ತಿ ಆ ಹಿಂದಿನ ಮನೆಯಲ್ಲಿಟ್ಟಳು.

"ನಿಮ್ಮವ್ವನ್ನ ಇನ್ನೊಂದ್ಸಲ ಮನೆಗೆ ಕಳ್ಸಿ... ಆದ್ರೆ ಮುಂದ್ಕೂ ನಂಗೆ ಏನೂ ಬುಟ್ಕೊಡ್ಬಾರ್ದು."

"ಬುಟ್ಕೊಡಕ್ಕೆ ಮೊದ್ಲು ನಂಗೆ ಕಾಣ್ಬೇಕಲ್ರೀ!"

ದೀಪ ನಕ್ಕುಬಿಟ್ಟಳು.

"ಕಾಣ್ದಿದ್ರೆ ನಾನಿರ್ತೀನಲ್ಲ... ತೋರುಸ್ತೀನಿ."